ಇಂಗ್ಲಿಷ್ ಕಡತದಲ್ಲಿ ಭೂತಕಾಲದ ಕ್ರಿಯಾಪದ: ಎಡಬಲದ ಪದಗಳನ್ನು ಓದುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ನಮ್ಮ ಪಂಚಾಯತಿಗಳ ನಡವಳಿಗಳು ಕನ್ನಡದಲ್ಲಿಯೇ ಇರುತ್ತವೆ. ಆದರೆ ಕೇಂದ್ರ ಯೋಜನೆಗಳ ಮಾರ್ಗಸೂಚಿಗಳು, ತಂತ್ರಾಂಶದ ಪರದೆಗಳು, ಅಂದಾಜುಪಟ್ಟಿಗಳು ಹಾಗೂ ಹಣ ಬಳಕೆ ಪ್ರಮಾಣಪತ್ರಗಳು ಅನೇಕ ವೇಳೆ ಇಂಗ್ಲಿಷಿನಲ್ಲಿ ಬರುತ್ತವೆ. ‘ಸ್ಯಾಂಕ್ಷನ್ಡ್’, ‘ರಿಲೀಸ್ಡ್’, ‘ಪೇಯ್ಡ್’ ಎಂಬ ಪದಗಳು ಬಹುತೇಕ ಸದಸ್ಯರಿಗೆ ಪರಿಚಿತವೇ ಆಗಿವೆ. ಅರ್ಥ ತಪ್ಪುವುದು ಈ ಪದಗಳಲ್ಲಿ ಅಲ್ಲ, ಇವುಗಳ ಎಡಬಲದಲ್ಲಿ ನಿಲ್ಲುವ ಚಿಕ್ಕ ಪದಗಳಲ್ಲಿ. ಹಣ ‘ಬಂದಿದೆ’ ಎಂಬುದಕ್ಕೂ ‘ಬರಬೇಕಿತ್ತು’ ಎಂಬುದಕ್ಕೂ ಇರುವ ಅಂತರ ಅಲ್ಲಿಯೇ ಅಡಗಿರುತ್ತದೆ. ಆದುದರಿಂದ ಆ ಪದಗಳನ್ನು ಓದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಕಾಲಸೂಚನೆ ಎಲ್ಲಿರುತ್ತದೆ?

‘ಅಧ್ಯಕ್ಷರು ಸ್ಥಳಕ್ಕೆ ಹೋಗಿ, ಕಾಮಗಾರಿ ನೋಡಿ, ಅಳತೆ ಬರೆಸಿಕೊಂಡು ಬಂದರು’ ಎಂಬ ವಾಕ್ಯವನ್ನು ಗಮನಿಸಿರಿ. ನಾಲ್ಕು ಕೆಲಸಗಳಿದ್ದರೂ ಕಾಲವನ್ನು ನಿರ್ಧರಿಸುವುದು ಕೊನೆಯ ‘ಬಂದರು’ ಒಂದೇ. ಅದನ್ನು ‘ಬರುತ್ತಾರೆ’ ಎಂದು ಬದಲಿಸಿದರೆ ಇಡೀ ವಾಕ್ಯದ ಕಾಲವೇ ಬದಲಾಗುತ್ತದೆ. ಕನ್ನಡದಲ್ಲಿ ಕಾಲಸೂಚನೆ ಕ್ರಿಯಾಪದಗಳ ಸಾಲಿನ ಕೊನೆಯಲ್ಲಿರುತ್ತದೆ.

ಇಂಗ್ಲಿಷಿನಲ್ಲಿ ಅದು ಸಾಲಿನ ಮೊದಲಿಗೆ ಬರುತ್ತದೆ. ‘ಡಿಡ್ ನಾಟ್ ರಿಸೀವ್’ ಎಂಬಲ್ಲಿ ಭೂತಕಾಲ ‘ಡಿಡ್’ ಪದದಲ್ಲಿದೆ. ‘ರಿಸೀವ್’ ಮೂಲರೂಪದಲ್ಲಿಯೇ ಉಳಿದಿದೆ. ‘ಹ್ಯಾಡ್ ಟು ರಿಟರ್ನ್’ (ಹಿಂದಿರುಗಿಸಬೇಕಾಯಿತು), ‘ಡಿಸೈಡೆಡ್ ಟು ಪೇ’ (ಪಾವತಿಸಲು ನಿರ್ಧರಿಸಿತು) ಎಂಬಲ್ಲಿಯೂ ಹೀಗೆಯೇ. ಆದುದರಿಂದ ‘ಡಿಡ್ ನಾಟ್ ರಿಸೀವ್ಡ್’ ಎಂದು ಬರೆಯುವುದು ತಪ್ಪು. ಒಮ್ಮೆ ಹೇಳಿದ ಕಾಲವನ್ನು ಮತ್ತೆ ಹೇಳಬೇಕಾಗಿಲ್ಲ. ‘ಡಿಸೈಡೆಡ್ ಟು ಪೇ’ ಎಂಬುದರಲ್ಲಿ ಮುಗಿದಿರುವುದು ನಿರ್ಧಾರ ಮಾತ್ರ, ಪಾವತಿಯಲ್ಲ ಎಂಬುದನ್ನೂ ಮರೆಯಬಾರದು.

2. ಎಡಗಡೆಯ ಪದಗಳು

‘ಪೇಯ್ಡ್’ ಎಂಬ ಒಂದೇ ರೂಪವು ತನ್ನ ಎಡಗಡೆಯ ಪದಗಳಿಗೆ ತಕ್ಕಂತೆ ಹೇಗೆ ಅರ್ಥ ಬದಲಿಸುತ್ತದೆ ಎಂಬುದನ್ನು ನೋಡಿರಿ.

– ವಾಸ್ ಪೇಯ್ಡ್: ಪಾವತಿಯಾಯಿತು
– ಹ್ಯಾಸ್ ಬೀನ್ ಪೇಯ್ಡ್: ಪಾವತಿಯಾಗಿದೆ
– ಹ್ಯಾಡ್ ಬೀನ್ ಪೇಯ್ಡ್: ಅದಕ್ಕೂ ಮೊದಲೇ ಪಾವತಿಯಾಗಿತ್ತು
– ವಾಸ್ ಬೀಯಿಂಗ್ ಪೇಯ್ಡ್: ಪಾವತಿಯಾಗುತ್ತಿತ್ತು
– ವಾಸ್ ಟು ಬಿ ಪೇಯ್ಡ್: ಪಾವತಿಯಾಗಬೇಕೆಂದು ನಿಗದಿಯಾಗಿತ್ತು
– ಶುಡ್ ಹ್ಯಾವ್ ಬೀನ್ ಪೇಯ್ಡ್: ಪಾವತಿಯಾಗಬೇಕಿತ್ತು, ಆಗಿಲ್ಲ
– ಮೇ ಹ್ಯಾವ್ ಬೀನ್ ಪೇಯ್ಡ್: ಪಾವತಿಯಾಗಿರಬಹುದು, ಖಚಿತವಿಲ್ಲ

ಏಳೂ ಕಡೆ ‘ಪೇಯ್ಡ್’ ಇದೆ. ಆದರೆ ಪಾವತಿ ಪೂರ್ಣಗೊಂಡಿತೆಂದು ಹೇಳುವವು ಮೊದಲ ಮೂರು ಮಾತ್ರ. ಉಳಿದ ನಾಲ್ಕರಲ್ಲಿ ಯಾವುದನ್ನಾದರೂ ನೋಡಿ ಹಣ ಸಂದಾಯವಾಗಿದೆ ಎಂದು ನಡವಳಿಯಲ್ಲಿ ಬರೆದರೆ ಅದು ಸತ್ಯಕ್ಕೆ ದೂರವಾಗುತ್ತದೆ.

ಎಡಗಡೆ ಪದವಿದೆಯೋ ಇಲ್ಲವೋ ಎಂಬುದೂ ಮುಖ್ಯ. ‘ದಿ ಟ್ಯಾಂಕ್ ಯೂಸ್ಡ್ ಟು ಸಪ್ಲೈ ವಾಟರ್’ ಎಂದರೆ ಆ ತೊಟ್ಟಿ ಹಿಂದೆ ನೀರು ಪೂರೈಸುತ್ತಿತ್ತು, ಈಗ ಆ ರೂಢಿ ಇಲ್ಲ ಎಂಬ ಸೂಚನೆ. ‘ದಿ ಟ್ಯಾಂಕ್ ವಾಸ್ ಯೂಸ್ಡ್ ಟು ಸಪ್ಲೈ ವಾಟರ್’ ಎಂದರೆ ನೀರು ಪೂರೈಸಲು ಆ ತೊಟ್ಟಿಯನ್ನು ಬಳಸಲಾಯಿತು ಎಂದಷ್ಟೇ.

3. ಬಲಗಡೆಯ ಪದಗಳು

ಕನ್ನಡದ ವಿಭಕ್ತಿ ಪ್ರತ್ಯಯ ನಾಮಪದದ ಕೊನೆಗೆ ಸೇರುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ನಾಮಪದದ ಮುಂಚೆ ನಿಲ್ಲುವ ಬಿಡಿ ಪದ ಮಾಡುತ್ತದೆ. ತೊಡಕು ಹುಟ್ಟುವುದು ನಮ್ಮ ‘ಇಂದ’ ಪ್ರತ್ಯಯದಲ್ಲಿ. ‘ಗುತ್ತಿಗೆದಾರರಿಂದ ಕೆಲಸ ನಡೆಯಿತು’, ‘ಗುತ್ತಿಗೆದಾರರಿಂದ ಹಣ ವಸೂಲಾಯಿತು’ ಎಂಬ ಎರಡೂ ಕಡೆ ಒಂದೇ ಪ್ರತ್ಯಯವಿದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಬೈ’, ಎರಡನೆಯದಕ್ಕೆ ‘ಫ್ರಮ್’ ಬರುತ್ತದೆ. ‘ರಿಕವರ್ಡ್ ಫ್ರಮ್’ ಎಂದರೆ ಅವರು ಹಣ ಕೊಟ್ಟವರು. ‘ರಿಕವರ್ಡ್ ಬೈ’ ಎಂದರೆ ಅವರು ವಸೂಲು ಮಾಡಿದವರು.

‘ಬೈ’ ಪದದ ಮುಂದೆ ದಿನಾಂಕ ಬಂದರೆ ಅರ್ಥ ಮತ್ತೆ ಬದಲಾಗುತ್ತದೆ. ‘ಕಂಪ್ಲೀಟೆಡ್ ಬೈ 31 ಮಾರ್ಚ್’ ಎಂದರೆ ಆ ದಿನದೊಳಗೆ ಮುಗಿಯಿತು. ‘ಕಂಪ್ಲೀಟೆಡ್ ಆನ್ 31 ಮಾರ್ಚ್’ ಎಂದರೆ ಅದೇ ದಿನ ಮುಗಿಯಿತು. ಮುಂದೆ ಮೊತ್ತ ಬಂದರಂತೂ ಹೆಚ್ಚಿನ ಎಚ್ಚರ ಬೇಕು. ರೂ. 1,00,000ದ ಅಂದಾಜು ‘ರೆಡ್ಯೂಸ್ಡ್ ಬೈ 20,000’ ಆದರೆ ಉಳಿಯುವುದು ರೂ. 80,000. ಅದೇ ‘ರೆಡ್ಯೂಸ್ಡ್ ಟು 20,000’ ಆದರೆ ಉಳಿಯುವುದು ರೂ. 20,000 ಮಾತ್ರ. ಒಂದು ಚಿಕ್ಕ ಪದದಿಂದ ರೂ. 60,000ದ ಅಂತರವಾಗುತ್ತದೆ.

ಕನ್ನಡದಲ್ಲಿ ‘ಬರೆ’ ಧಾತುವಿಗೆ ಇನ್ನೊಂದು ಕ್ರಿಯೆ ಸೇರಿದಾಗ ‘ಬರೆದುಕೊಡು’, ‘ಬರೆದುಕೊಳ್ಳು’, ‘ಬರೆದಿಡು’ ಎಂದು ಅರ್ಥ ಕವಲೊಡೆಯುತ್ತದೆ. ಇಂಗ್ಲಿಷಿನಲ್ಲಿ ಇಂತಹ ಕವಲುಗಳನ್ನು ಬಲಗಡೆಯ ಪದ ಉಂಟುಮಾಡುತ್ತದೆ.

– ಕ್ಯಾರೀಡ್ ಔಟ್: ಕೈಗೊಳ್ಳಲಾಯಿತು, ಕ್ಯಾರೀಡ್ ಓವರ್: ಮುಂದಿನ ಅವಧಿಗೆ ಒಯ್ಯಲಾಯಿತು
– ಕಾಲ್ಡ್ ಫಾರ್: ಕೋರಲಾಯಿತು, ಕಾಲ್ಡ್ ಆಫ್: ರದ್ದುಪಡಿಸಲಾಯಿತು
– ಹ್ಯಾಂಡೆಡ್ ಓವರ್: ಹಸ್ತಾಂತರಿಸಲಾಯಿತು, ಟೇಕನ್ ಓವರ್: ವಹಿಸಿಕೊಳ್ಳಲಾಯಿತು
– ರಿಟನ್ ಆಫ್: ವಸೂಲಾಗದೆಂದು ಲೆಕ್ಕದಿಂದ ತೆಗೆದುಹಾಕಲಾಯಿತು

‘ಸೆಟ್ ಅಸೈಡ್’ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಹಣದ ವಿಷಯದಲ್ಲಿ ಅದು ‘ಮೀಸಲಿಡಲಾಯಿತು’ ಎಂದಾದರೆ, ಆದೇಶದ ವಿಷಯದಲ್ಲಿ ‘ರದ್ದುಪಡಿಸಲಾಯಿತು’ ಎಂದಾಗುತ್ತದೆ.

4. ಕಡತದಲ್ಲಿ ಇದರ ಪರಿಣಾಮ

ಎರಡು ನಿದರ್ಶನಗಳು ಸಾಕು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮದ 3ನೇ ಪ್ರಕರಣದ 3ನೇ ಉಪಪ್ರಕರಣವು ಕೂಲಿ ಪಾವತಿಗೆ ಹೆಚ್ಚೆಂದರೆ ಒಂದು ಪಕ್ಷದ ಅವಧಿಯನ್ನು ಹೇಳಿತ್ತು. ಅವಧಿಯ ಎಣಿಕೆಗೆ ಅಲ್ಲಿ ಬಳಸಿರುವ ಕ್ರಿಯಾಪದ ‘ವಾಸ್ ಡನ್’, ಅಂದರೆ ಕೆಲಸ ಮಾಡಿದ ದಿನಾಂಕ. ಅಳತೆ ಪುಸ್ತಕದಲ್ಲಿ ನಮೂದಾದ ದಿನವಾಗಲಿ, ಬಿಲ್ಲು ಮಂಜೂರಾದ ದಿನವಾಗಲಿ ಅಲ್ಲ. ಕೂಲಿಕಾರರ ಹಕ್ಕಿನ ಎಣಿಕೆ ಈ ಎರಡು ಪದಗಳ ಮೇಲೆ ನಿಂತಿತ್ತು.

ಎರಡನೆಯದು ಹಣ ಬಳಕೆ ಪ್ರಮಾಣಪತ್ರ. ಅದರಲ್ಲಿ ‘ಹ್ಯಾಸ್ ಬೀನ್ ಯುಟಿಲೈಸ್ಡ್ ಫಾರ್’ ಮತ್ತು ‘ವಾಸ್ ಸ್ಯಾಂಕ್ಷನ್ಡ್’ ಎಂಬ ಎರಡು ಭಾಗಗಳು ಒಟ್ಟಾಗಿ ಬರುತ್ತವೆ. ಸಹಿ ಮಾಡುವವರು ಹಣ ಈಗಾಗಲೇ ಖರ್ಚಾಗಿದೆ ಎಂದೂ, ಮಂಜೂರಾದ ಉದ್ದೇಶಕ್ಕಾಗಿಯೇ ಖರ್ಚಾಗಿದೆ ಎಂದೂ ದೃಢೀಕರಿಸುತ್ತಾರೆ. ಕಾಮಗಾರಿ ಇನ್ನೂ ನಡೆಯುತ್ತಿದ್ದು ಹಣ ಉಳಿದಿದ್ದರೆ ಪೂರ್ತಿ ಮೊತ್ತಕ್ಕೆ ‘ಹ್ಯಾಸ್ ಬೀನ್’ ಎಂಬುದು ಸಲ್ಲುವುದಿಲ್ಲ.

5. ಅಭ್ಯಾಸ

ಕೆಳಗಿನವುಗಳಿಗೆ ಕನ್ನಡದ ಅರ್ಥ ಬರೆದು, ಬಳಿಕ ಉತ್ತರ ನೋಡಿರಿ.

(ಅ) ದಿ ಡ್ರೈನ್ ವಾಸ್ ಟು ಬಿ ಕಂಪ್ಲೀಟೆಡ್ ಬೈ ಜೂನ್.
(ಆ) ದಿ ಅಮೌಂಟ್ ಹ್ಯಾಡ್ ಬೀನ್ ರಿಕವರ್ಡ್ ಫ್ರಮ್ ದಿ ಏಜೆನ್ಸಿ.
(ಇ) ದಿ ಆರ್ಡರ್ ವಾಸ್ ಸೆಟ್ ಅಸೈಡ್.

ಉತ್ತರ: (ಅ) ಚರಂಡಿಯು ಜೂನ್ ಒಳಗೆ ಪೂರ್ಣಗೊಳ್ಳಬೇಕಿತ್ತು, ಪೂರ್ಣಗೊಂಡಿದೆಯೇ ಎಂಬುದನ್ನು ಈ ವಾಕ್ಯ ಹೇಳುವುದಿಲ್ಲ. (ಆ) ಮೊತ್ತವನ್ನು ಏಜೆನ್ಸಿಯಿಂದ ಮೊದಲೇ ವಸೂಲು ಮಾಡಲಾಗಿತ್ತು. (ಇ) ಆದೇಶವನ್ನು ರದ್ದುಪಡಿಸಲಾಯಿತು.

ಸದಸ್ಯರು ಇಂಗ್ಲಿಷ್ ಪತ್ರದ ಪ್ರತಿ ಭೂತಕಾಲದ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಎಡಬಲದ ಪದಗಳನ್ನು ಸೇರಿಸಿ ಓದುವ ರೂಢಿ ಬೆಳೆಸಿಕೊಳ್ಳುವುದು ಒಳಿತು. ಸಂದೇಹವಿದ್ದಲ್ಲಿ ಕೆಲಸ ಆಗಿದೆಯೇ ಅಥವಾ ಆಗಬೇಕಾಗಿದೆಯೇ, ಯಾರಿಂದ, ಯಾರಿಗೆ ಎಂಬ ಪ್ರಶ್ನೆಗಳನ್ನು ಸಭೆಯಲ್ಲಿಯೇ ಕೇಳಿ, ಉತ್ತರವನ್ನು ಕನ್ನಡದಲ್ಲಿ ನಡವಳಿಗೆ ಸೇರಿಸಬೇಕೆಂದು ಕೋರಲಾಗಿದೆ. ಕನ್ನಡದಲ್ಲಿ ವಿವರಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ. ತಿಳಿದು ಸಹಿ ಮಾಡುವುದು ಜನಪ್ರತಿನಿಧಿಯ ಹೊಣೆ. ತಿಳಿಯುವಂತೆ ವಿವರಿಸುವುದು ಅಧಿಕಾರಿಯ ಹೊಣೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ