ಸಂತೆಗೂ ಸೈ, ಆಗುಂಬೆಗೂ ಸೈ

ಪ್ರಶ್ನೆ: ನಾನು ತೀರ್ಥಹಳ್ಳಿಯವನು. ದಿನಾ ಕೆಲಸಕ್ಕೆ, ವಾರಕ್ಕೊಮ್ಮೆ ಸಂತೆಗೆ, ರಜೆ ಸಿಕ್ಕರೆ ಘಾಟಿ ಇಳಿದು ಉಡುಪಿಗೆ ಹೋಗಿಬರಲು ಒಂದೇ ಸೈಕಲ್ ಬೇಕು. ಸ್ಟೀಲಿನದೇ ತಗೊಳ್ಳಿ ಅನ್ನುತ್ತಾರೆ. ಯಾಕೆ? ಜಾಸ್ತಿ ದುಡ್ಡು ಹಾಕುವ ಹಾಗಿಲ್ಲ.

ಉತ್ತರ: ಹಾಗಂದವರು ಸರಿಯಾಗೇ ಹೇಳಿದ್ದಾರೆ. ಸ್ಟೀಲ್ ಫ್ರೇಮು ಸಾಮಾನ್ಯವಾಗಿ ದಿಢೀರನೆ ಮುರಿಯುವುದಿಲ್ಲ, ಮೊದಲು ಬಿರುಕು ಬಿಟ್ಟು ಸೂಚನೆ ಕೊಡುತ್ತದೆ. ಬಿರುಕು ಬಿಟ್ಟರೂ ದಾರಿಯಲ್ಲಿ ಸಿಗುವ ವೆಲ್ಡಿಂಗ್ ಶಾಪಿನಲ್ಲಿ ಮನೆ ಮುಟ್ಟುವಷ್ಟು ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಂ ಆದರೆ ಅದು ಎಲ್ಲರ ಕೈಲಾಗುವ ಕೆಲಸವಲ್ಲ. ತೂಕ ಸ್ವಲ್ಪ ಹೆಚ್ಚು, ಆದರೆ ಅಕ್ಕಿ ಚೀಲ ಹೇರುವವರಿಗೆ ಅದೊಂದು ಲೆಕ್ಕವೇ?

ಹಾಗಂತ ಹಳೇ ಅಟ್ಲಾಸಿಗೆ ಮನಸೋಲಬೇಡಿ. ಸಂತೆಗೆ ಅದರಷ್ಟು ಗಟ್ಟಿಗ ಇನ್ನೊಂದಿಲ್ಲ, ಒಪ್ಪಿದೆ. ಆದರೆ ಮುಂದೆ 44 ಹಲ್ಲು, ಹಿಂದೆ 18 ಹಲ್ಲಿದ್ದರೆ 28 ಇಂಚಿನ ಚಕ್ರ ಪೆಡಲಿನ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ಓಡುತ್ತದೆ. ಆಗುಂಬೆ ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ ತಳ್ಳಿಕೊಂಡೇ ಬರಬೇಕಾದೀತು. 26 ಇಂಚಿನ ಗೇರ್ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 28 ಹಾಕಿಕೊಂಡರೆ ಒಂದು ಸುತ್ತಿಗೆ ಎರಡೇ ಮೀಟರ್ ಚಿಲ್ಲರೆ. ನಿಧಾನ, ಆದರೆ ಸೀಟಿನಲ್ಲಿ ಕೂತೇ ಹತ್ತಬಹುದು.

ನನ್ನನ್ನು ಕೇಳಿದರೆ, ಮುಂದೆ ಸಸ್ಪೆನ್ಷನ್ ಇಲ್ಲದ, 26 ಇಂಚಿನ ಸೆಕೆಂಡ್ ಹ್ಯಾಂಡ್ ಸ್ಟೀಲ್ ಎಂಟಿಬಿ, ಅಂದರೆ ಮೌಂಟನ್ ಬೈಕ್ ಹುಡುಕಿ. (ಅಗ್ಗದ ಸಸ್ಪೆನ್ಷನ್ ಬರೀ ಭಾರ.) ನೋಡಲು ಹೋಗುವಾಗ ಜೇಬಿನಲ್ಲೊಂದು ಅಯಸ್ಕಾಂತ ಇರಲಿ, ಫ್ರೇಮಿಗೆ ಕಚ್ಚಿದರೆ ಸ್ಟೀಲು. 4130 ಎಂಬ ಸ್ಟಿಕ್ಕರ್ ಕಂಡರೆ ಅದು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಒಳ್ಳೆಯ ಜಾತಿ, ಬಿಡಬೇಡಿ. ಸೀಟಿನ ಪೈಪು ಎಳೆದು ತೆಗೆಸಿ ಒಳಗೆ ಟಾರ್ಚ್ ಹಾಕಿ. ಮಲೆನಾಡಿನ ಮಳೆಗೆ ತುಕ್ಕು ಹಿಡಿಯುವುದು ಒಳಗಿಂದ. ಪೈಪು ಮೇಲೆ ಬರಲೊಲ್ಲದು ಎಂದರೆ ಬೇರೆ ಸೈಕಲ್ ನೋಡಿ. ಹಿಂದಿನ ಚಕ್ರದ ಅಚ್ಚಿನ ಹತ್ತಿರ ಕ್ಯಾರಿಯರಿಗೆ ಸ್ಕ್ರೂ ತೂತು ಇದೆಯೇ, ಅಕ್ಕಪಕ್ಕ ಚೀಲ ಕಟ್ಟಿದಾಗ ಹಿಮ್ಮಡಿ ತಾಗುತ್ತದೆಯೇ ಅನ್ನುವುದನ್ನೂ ತುಳಿದೇ ನೋಡಿ.

ಟಯರ್ ತರುವಾಗ ಅಂಗಡಿಯವರಿಗೆ ಬರೀ '26' ಅಂದರೆ ಸಾಲದು. ಟಯರಿನ ಪಕ್ಕದಲ್ಲಿ ಸಣ್ಣಗೆ ಒತ್ತಿರುವ ಅಂಕಿಗಳಲ್ಲಿ 559 ಇರಬೇಕು. ಲೇಡೀಸ್ ಸೈಕಲ್ಲಿನ 26, ಅಂದರೆ 590, ನಿಮ್ಮ ರಿಮ್ಮಿಗೆ ಕೂರುವುದಿಲ್ಲ.

ಉಳಿದ ದುಡ್ಡಿಗೆ ಹೊಸ ಬ್ರೇಕ್ ರಬ್ಬರ್ ಹಾಕಿಸಿ. ಒದ್ದೆ ರಿಮ್ಮನ್ನು ಬ್ರೇಕು ಹಿಡಿಯುವುದು ತಡ, ಆದ್ದರಿಂದ ಮಳೆಗಾಲದಲ್ಲಿ ಮಾತ್ರ ಆಗುಂಬೆ ಇಳಿಯುವ ಸಾಹಸ ಬೇಡ.