ಹಾರ್ಡ್ ಡಿಸ್ಕ್ ಕೊಳ್ಳುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಶಿವಮೊಗ್ಗ, ಭದ್ರಾವತಿಯ ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿ ಮತ್ತು ಮನೆಯಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರ ಗಮನಕ್ಕೆ.

ಮಾಡಬೇಕಾದ್ದು

ಡಿಸ್ಕ್ ಕೈಗೆತ್ತಿಕೊಂಡು ಲೇಬಲ್ಲಿನ ಮಾಡೆಲ್ ನಂಬರನ್ನು ಕೊನೆಯ ಅಂಕಿಯವರೆಗೂ ಓದಿ. ಸೀಗೇಟ್ ಬಾರಾಕುಡಾ 2 ಟಿಬಿಯಲ್ಲೇ ಎಸ್‌ಟಿ2000ಡಿಎಂ006 ಇದೆ, ಎಸ್‌ಟಿ2000ಡಿಎಂ008 ಇದೆ. ಎರಡೂ ನಿಮಿಷಕ್ಕೆ 7200 ಸುತ್ತು. ಕ್ಯಾಶ್ ಮಾತ್ರ ಮೊದಲನೆಯದರಲ್ಲಿ 64 ಎಂಬಿ, ಎರಡನೆಯದರಲ್ಲಿ 256. ಹೆಚ್ಚು ಕ್ಯಾಶ್ ಕಂಡು ಜನ ಮರುಳಾಗುವುದು ಇಲ್ಲೇ. ಆ 008 ಎಸ್‌ಎಂಆರ್ ಜಾತಿಯದು. ಅದರಲ್ಲಿ ಡೇಟಾ ಬರೆಯುವ ಟ್ರ್ಯಾಕ್‌ಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಅಡಿಯದನ್ನು ಬದಲಿಸಲು ಮೇಲಿನ ಸಾಲನ್ನೂ ಎಬ್ಬಿಸಿ ಮತ್ತೆ ಹೊದಿಸಬೇಕು. ಮದುವೆ ವಿಡಿಯೊ ನೂರಾರು ಜಿಬಿ ಒಟ್ಟಿಗೆ ಸುರಿದರೆ ಮೊದಲು ಓಡುತ್ತದೆ, ಆಮೇಲೆ ತೆವಳುತ್ತದೆ. ತುಂಬಿಸಿ ಇಡುವುದಕ್ಕಷ್ಟೇ ಆದರೆ ಅಡ್ಡಿಯಿಲ್ಲ. ದಿನಾ ಬರೆದು ಅಳಿಸುವ ಎಡಿಟಿಂಗ್‌ಗೆ ಟ್ರ್ಯಾಕ್‌ಗಳು ಹೀಗೆ ಚಾಚಿಕೊಳ್ಳದ ಸಿಎಂಆರ್ ಡಿಸ್ಕನ್ನೇ ಕೇಳಿ.

ಅಂಗಡಿಯವರು "ಎಲ್ಲಾ ಒಂದೇ ಸಾರ್" ಎಂದರೆ ಅಲ್ಲೇ ಮೊಬೈಲ್‌ನಲ್ಲಿ ಯಾವ ಮಾಡೆಲ್ ಯಾವ ಜಾತಿಯದೆಂಬ ಕಂಪನಿಯ ಪಟ್ಟಿ ತೆಗೆದು ನೋಡಿ. ಈ ಪಟ್ಟಿಗಳೂ ಸುಮ್ಮನೆ ಬಂದವಲ್ಲ. ವೆಸ್ಟರ್ನ್ ಡಿಜಿಟಲ್ ತನ್ನ ಕೆಲವು ರೆಡ್ ಡಿಸ್ಕ್‌ಗಳು ಎಸ್‌ಎಂಆರ್ ಎಂದು ಬಾಯಿಬಿಟ್ಟದ್ದು 2020ರಲ್ಲಿ, ಗ್ರಾಹಕರು ಗಲಾಟೆ ಮಾಡಿದ ಮೇಲೆ.

ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಭದ್ರಾವತಿ ನ್ಯೂಟೌನ್‌ನಿಂದ ಶಿವಮೊಗ್ಗದ ದುರ್ಗಿಗುಡಿಗೆ ಬಂದು ಕೊಳ್ಳುವವರು ಹೊರಡುವ ಮೊದಲೇ ಕ್ಯಾಬಿನೆಟ್ ಬಿಚ್ಚಿ, ಸಾಟಾ ಪೋರ್ಟು, ಪವರ್ ಪಿನ್ನು ಖಾಲಿ ಇವೆಯೇ ನೋಡಿಕೊಳ್ಳಿ. ಜೋಡಿಸಿದ ಕೂಡಲೇ ಕ್ರಿಸ್ಟಲ್ ಡಿಸ್ಕ್ ಇನ್ಫೊ ತಂತ್ರಾಂಶದಲ್ಲಿ ಪವರ್ ಆನ್ ಅವರ್ಸ್ ನೋಡಿ. ಹೊಸದೆಂದು ಕೊಟ್ಟದ್ದು ಸಾವಿರಾರು ಗಂಟೆ ಓಡಿದ್ದರೆ ಅದೇ ದಿನ ವಾಪಸ್ ಕೊಡಿ.

ಮಾಡಬಾರದ್ದು

ಅಗ್ಗಕ್ಕೆ ಸಿಕ್ಕಿತೆಂದು ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್ ಡಿಸ್ಕ್ ತರಬೇಡಿ. ಕಂಪ್ಯೂಟರಿನಲ್ಲಿ ಓಡುತ್ತವೆ, ಆದರೆ ಅವನ್ನು ಹದಮಾಡಿರುವುದು ಸಿಸಿಟಿವಿಗೆ.

ವಿಂಡೋಸ್ ಅನ್ನು ಹಾರ್ಡ್ ಡಿಸ್ಕಿಗೆ ಹಾಕಬೇಡಿ. ಅದಕ್ಕೆ ಚಿಕ್ಕ ಎಸ್‌ಎಸ್‌ಡಿ ಒಂದು ಬೇರೆ ಇರಲಿ.

2 ಟಿಬಿ ಡಿಸ್ಕ್ 1.81 ತೋರಿಸಿತೆಂದು ಜಗಳಕ್ಕೆ ಹೋಗಬೇಡಿ. ಕಂಪನಿಯದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರದ್ದು. 2 ಟಿಬಿಗಿಂತ ದೊಡ್ಡ ಡಿಸ್ಕಾದರೆ ವಿಂಡೋಸ್‌ನಲ್ಲಿ ಮೊದಲು ಸಿದ್ಧಪಡಿಸುವಾಗ ಎಂಬಿಆರ್ ಆರಿಸಬೇಡಿ, ಜಿಪಿಟಿ ಕೊಡಿ. ಇಲ್ಲವಾದರೆ ಹೆಚ್ಚಿನ ಜಾಗ ಕೈಗೆ ಸಿಗದು.

ನಾಲ್ಕು ಕಾಸು ಉಳಿಯುತ್ತದೆಂದು ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಬೇಡಿ. ದಾರಿಯಲ್ಲಿ ಬಿದ್ದ ಏಟು ಹೊರಗೆ ಕಾಣುವುದಿಲ್ಲ.

ಮಳೆಗಾಲದಲ್ಲಿ ಕರೆಂಟು ಹೋಗಿ ಬರುವಾಗ ಯುಪಿಎಸ್ ಇಲ್ಲದೆ ಕಾಪಿ ಹಾಕಬೇಡಿ. ಕಾಪಿಯಾದ ಫೈಲುಗಳನ್ನು ತೆರೆದು ನೋಡದೆ ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇಬೇಡಿ.