ಬಿಲ್ ಆಗಿಲ್ಲ ಅಂದರೆ ತಲೆಯಾಡಿಸಬೇಡಿ

ನಮ್ಮ ಕೃಷ್ಣರಾಜಪುರದಲ್ಲಿ ಸರ್ಕಾರದ ಕಾಮಗಾರಿಗೆ ಯಾವತ್ತೂ ಬರವಿಲ್ಲ. ತೂಗು ಸೇತುವೆ ಹತ್ತಿರ ಮೆಟ್ರೊ ಕೆಲಸ, ರೈಲ್ವೆ ಸ್ಟೇಷನ್ನಿನಲ್ಲಿ ರಿಪೇರಿ, ವಾರ್ಡು ವಾರ್ಡಿನಲ್ಲೂ ಚರಂಡಿ, ಬೆಳಗಾದರೆ ಕಸದ ಆಟೊ. ಬಿಸಿಲು ಧೂಳು ಅನ್ನದೆ ಇದನ್ನೆಲ್ಲ ಮಾಡುವ ನಿಮ್ಮ ಮೇಲೆ ನನಗೆ ಅಭಿಮಾನವಿದೆ. ಒಂದು ವಿಷಯದಲ್ಲಿ ಮಾತ್ರ ಸಿಟ್ಟು. ಮೇಸ್ತ್ರಿ ಬಂದು "ಇನ್ನೂ ಬಿಲ್ ಆಗಿಲ್ಲ, ಈಗ ಇಷ್ಟು ಇಟ್ಕೊಳ್ಳಿ" ಅಂದರೆ, ಎಣಿಸದೆ ಜೇಬಿಗಿಟ್ಟುಕೊಂಡು ಹೊರಟುಬಿಡುತ್ತೀರಲ್ಲ, ಅದಕ್ಕೆ.

ಬಿಲ್ ಆಗುವುದು ಬಿಡುವುದು ಗುತ್ತಿಗೆದಾರನಿಗೂ ಇಲಾಖೆಗೂ ಸೇರಿದ ವ್ಯವಹಾರ. ನಿಮ್ಮ ಕೂಲಿಗೆ ಅದು ಅಡ್ಡ ಬರಬಾರದು. ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಹಣ ಸಲ್ಲಬೇಕು ಅಂತ ಕಾನೂನೇ ಹೇಳುತ್ತದೆ. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು. ಮೇಲಾಗಿ ಇದು ಸರ್ಕಾರದ ದುಡ್ಡಿನ ಕೆಲಸ. ಅಂದಾಜು ಪಟ್ಟಿ ಮಾಡುವಾಗಲೇ ಕೂಲಿಯ ಲೆಕ್ಕ ಹಿಡಿದಿರುತ್ತಾರೆ. ಹಣ ಮೇಲಿಂದ ಹೊರಡುವಾಗ ಪೂರ್ತಿ ಇರುತ್ತದೆ, ನಿಮ್ಮ ಕೈಗೆ ಬರುವಷ್ಟರಲ್ಲಿ ಸವೆದಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಇದೇನೂ ಹೊಸ ರೋಗವಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಸೇತುವೆ, ಕ್ರೀಡಾಂಗಣ ಕಟ್ಟುತ್ತಿದ್ದಾಗ ದಿನಕ್ಕೆ 9 ರೂಪಾಯಿ 25 ಪೈಸೆ ಕೂಲಿ ನಿಗದಿಯಾಗಿತ್ತು. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರರು ತಮ್ಮ ಕಮಿಷನ್ ಅಂತ ಮುರಿದುಕೊಳ್ಳುತ್ತಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ತೀರ್ಪು ಕೊಟ್ಟಿತು. ಕೆಲಸ ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಸರ್ಕಾರ ಕೈ ತೊಳೆದುಕೊಳ್ಳುವ ಹಾಗಿಲ್ಲ ಅಂತಲೂ ಹೇಳಿತು. ಒಂದು ರೂಪಾಯಿ ತಾನೇ ಅಂತ ಅವತ್ತು ಯಾರೂ ಬಿಡಲಿಲ್ಲ. ನೀವು ಯಾಕೆ ಬಿಡುತ್ತೀರಿ?

ನಮ್ಮ ಬೆಂಗಳೂರಿನ ಪೌರಕಾರ್ಮಿಕರನ್ನೇ ನೋಡಿ. ಗುತ್ತಿಗೆದಾರರ ಕೈಕೆಳಗೆ ವರ್ಷಗಟ್ಟಲೆ ನವೆದರು. ಸಂಬಳ ತಡ, ಪಿಎಫ್ ಕಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ, ಕೇಳಿದರೆ ನಾಳೆಯಿಂದ ಬರಬೇಡ. ಬೀದಿಗಿಳಿದು ಹೋರಾಡಿದ ಮೇಲೆ 2018ರಿಂದ ಪಾಲಿಕೆಯೇ ನೇರವಾಗಿ ಬ್ಯಾಂಕಿಗೆ ಸಂಬಳ ಹಾಕತೊಡಗಿತು. ಅಲ್ಲಿಗೂ ಅವರು ಸುಮ್ಮನಾಗಲಿಲ್ಲ. ಕಾಯಂ ಮಾಡಿ ಅಂತ 2022ರ ಜುಲೈನಲ್ಲಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಅಳದ ಮಗುವಿಗೆ ಹಾಲಿಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ?

ಇನ್ನು ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಮೊದಲ ದಿನವೇ ಮೂರು ವಿಷಯ ತಿಳಿದುಕೊಳ್ಳಿ: ಗುತ್ತಿಗೆದಾರನ ಹೆಸರೇನು, ಕೆಲಸ ಯಾವ ಇಲಾಖೆಯದು, ದಿನಗೂಲಿ ಎಷ್ಟು. ಮೇಸ್ತ್ರಿಯ ಹೆಸರು ಮಾತ್ರ ಗೊತ್ತಿದ್ದರೆ ನಾಳೆ ಅವನು ಫೋನ್ ಆಫ್ ಮಾಡಿಕೊಂಡಾಗ ಯಾರನ್ನು ಹುಡುಕುತ್ತೀರಿ? ಕಾಮಗಾರಿ ಸ್ಥಳದಲ್ಲಿ ಬೋರ್ಡು ನೆಟ್ಟಿದ್ದರೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ರೀಲ್ಸ್ ನೋಡುವುದಕ್ಕೆ ಮಾತ್ರವಲ್ಲ ಆ ಮೊಬೈಲು ಇರುವುದು.

ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಕು, ಎಷ್ಟು ಹೊತ್ತಿಗೆ ಕೆಲಸ ಹಿಡಿದಿರಿ, ಎಷ್ಟಕ್ಕೆ ಬಿಟ್ಟಿರಿ, ಓಟಿ ಎಷ್ಟು ಗಂಟೆ, ಕೈಗೆ ಬಂದದ್ದೆಷ್ಟು, ಮುಂಗಡ ತಗೊಂಡಿದ್ದರೆ ಅದೂ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ. ದಿನಾ ರಾತ್ರಿ ಬರೆಸಿ, ತಿಂಗಳ ಕೊನೆಗೆ ಬೆರಳು ಮಡಚಿ ನೆನಪಿಸಿಕೊಂಡು ಅಲ್ಲ. ಜಗಳ ಹುಟ್ಟಿದ ಮೇಲೆ ಪುಸ್ತಕ ಹುಡುಕುವುದು ಅಟ್ಟ ಮೇಲೆ ಒಲೆ ಉರಿದ ಹಾಗೆ. ಸಂಬಳ ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕನದೇ, ನಿಜ. ಆದರೆ ನೀವು ಅಲ್ಲಿ ದುಡಿದೇ ಇಲ್ಲ ಅಂತ ಅವನು ಅಂದುಬಿಟ್ಟರೆ ನಿಮ್ಮ ಪರ ಮಾತಾಡುವುದು ಆ ನೋಟ್‌ಬುಕ್ಕೇ. ಓಟಿಗೆ ಮಾಮೂಲಿ ದರದ ಎರಡು ಪಟ್ಟು ಸಲ್ಲಬೇಕು ಅನ್ನುವುದನ್ನೂ ಅದರ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಹೆಣ್ಣಾಳಿಗೊಂದು ಗಂಡಾಳಿಗೊಂದು ಕೂಲಿ ಅನ್ನುವುದು ಹಳೆಯ ಕೆಟ್ಟ ಚಾಳಿ. ಒಂದೇ ಕೆಲಸಕ್ಕೆ ಒಂದೇ ಕೂಲಿ.

ಎಟಿಎಂ ಕಾರ್ಡನ್ನು ಯಾರ ಕೈಗೂ ಕೊಡಬೇಡಿ. ಇದನ್ನು ನಾನು ಬೈದೇ ಹೇಳುತ್ತೇನೆ. ಖಾತೆಗೆ ಪೂರ್ತಿ ಸಂಬಳ ಹಾಕಿದಂತೆ ತೋರಿಸಿ, ಕಾರ್ಡು ತನ್ನ ಬಳಿಯೇ ಇಟ್ಟುಕೊಂಡು, ನಿಮಗೆ ಅರ್ಧ ಎಣಿಸಿ ಕೊಡುವವರಿದ್ದಾರೆ. ಕಾಗದದಲ್ಲಿ ನೀವು ಪೂರ್ತಿ ಕೂಲಿ ಪಡೆದವರು! ಕೈ ಕೆಸರಾದದ್ದು ನಿಮ್ಮದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಖಾಲಿ ಹಾಳೆಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತುವುದೂ ಅದೇ ಜಾತಿಯ ತಪ್ಪು. ಸಂಬಳದ ಚೀಟಿ ಕೇಳಿ ಪಡೆಯಿರಿ, ಅದು ಅವರು ಕೊಡಲೇಬೇಕಾದದ್ದು.

ಚೀಟಿಯಲ್ಲಿ ಪಿಎಫ್ ಅಂತ ರೂಪಾಯಿಗೆ 12 ಪೈಸೆಯ ಲೆಕ್ಕದಲ್ಲಿ ಹಿಡಿದಿದ್ದರೆ, ಅಷ್ಟನ್ನೇ ಮಾಲೀಕನೂ ತನ್ನ ಪಾಲಿನಿಂದ ಕಟ್ಟಬೇಕು. ಇಬ್ಬರ ಪಾಲನ್ನೂ ನಿಮ್ಮಿಂದಲೇ ಹಿಡಿದಿದ್ದರೆ ಅದು ಮೋಸ. ಪಿಎಫ್ ಖಾತೆಯ ಯುಎಎನ್ ನಂಬರು ಕೇಳಿಕೊಂಡು, ನಿಮ್ಮ ಸ್ವಂತ ಮೊಬೈಲ್ ನಂಬರನ್ನೇ ಅದಕ್ಕೆ ಜೋಡಿಸಿ, ಪಾಸ್‌ಬುಕ್ಕಿನಲ್ಲಿ ಹಣ ಬಿದ್ದಿದೆಯೇ ನೋಡಿ. ಇಎಸ್ಐಗೆ ನಿಮ್ಮಿಂದ ಹಿಡಿಯುವುದು ನೂರಕ್ಕೆ ಮುಕ್ಕಾಲು ರೂಪಾಯಿ ಮಾತ್ರ, ಮಾಲೀಕನದು ಮೂರೂಕಾಲು. ಇಂದಿರಾನಗರದ ಇಎಸ್ಐ ಆಸ್ಪತ್ರೆಯ ಬಾಗಿಲಿಗೆ ಹೋದ ಮೇಲೆ ಕಾರ್ಡೇ ಇಲ್ಲ ಅಂತ ತಿಳಿಯುವುದು ಬೇಡ.

ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ದೂರವಾಣಿನಗರದ ಐಟಿಐ ಕಾರ್ಖಾನೆಯ ಗೇಟಿನ ಮುಂದೆ 2021ರ ಡಿಸೆಂಬರಿನಿಂದ ಸುಮಾರು 80 ಮಂದಿ ಗುತ್ತಿಗೆ ಕಾರ್ಮಿಕರು ಕೆಲಸ ವಾಪಸು ಕೊಡಿ ಅಂತ ಧರಣಿ ಕೂತದ್ದನ್ನು ಈ ಭಾಗದವರೆಲ್ಲ ನೋಡಿದ್ದೇವೆ. ಹತ್ತಾರು ವರ್ಷ ದುಡಿದವರೂ ಅದರಲ್ಲಿದ್ದರು. ಹಾಗಾಗಿ ಒಬ್ಬರೇ ಹೋಗಿ ಎದೆ ಸೆಟೆಸಬೇಡಿ. ಹತ್ತು ಜನ ಸೇರಿ ಒಂದೇ ಅರ್ಜಿ ಬರೆಯಿರಿ, ಸಂಘವಿದ್ದರೆ ಅದರ ಮೂಲಕ ಹೋಗಿ. ಕಲ್ಲೆಸೆಯುವುದು, ಮೆಷಿನ್ನು ನಿಲ್ಲಿಸುವುದು ಬೇಡ. ಕೇಸು ನಿಮ್ಮ ಮೇಲೆಯೇ ತಿರುಗುತ್ತದೆ.

ಬಿಲ್ಲಿಗೆ ಸಹಿ ಹಾಕುವ ಎಂಜಿನಿಯರುಗಳೇ, ನೀವೂ ಇದನ್ನು ಓದುತ್ತಿದ್ದರೆ, ಸಹಿಗೆ ಮುಂಚೆ ಕೂಲಿ ಜಮಾ ಆದ ಬ್ಯಾಂಕ್ ಪಟ್ಟಿ, ಪಿಎಫ್ ಚಲನ್ ತರಿಸಿ ನೋಡಿ. ಗುತ್ತಿಗೆದಾರ ಕೊಡದಿದ್ದರೆ ಕೂಲಿಯ ಹೊಣೆ ನಿಮ್ಮ ಇಲಾಖೆಯ ತಲೆಗೇ ಬರುತ್ತದೆ.

2025ರ ನವೆಂಬರ್ 21ರಿಂದ ಹೊಸ ವೇತನ ಸಂಹಿತೆ ಜಾರಿಯಲ್ಲಿದೆ. ಬಾಕಿ ಕೇಳಲು ಮೂರು ವರ್ಷದ ಅವಕಾಶವಿದೆ, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು. ಹಾಗಂತ ಮೂರು ವರ್ಷ ಕಾಯಬೇಡಿ, ಅಷ್ಟರಲ್ಲಿ ಗುತ್ತಿಗೆದಾರ ಬೋರ್ಡೇ ಬದಲಾಯಿಸಿರುತ್ತಾನೆ. ಪಾಲಿಕೆಯ ಕೆಲಸವಾದರೆ ದೂರು ಕೊಡಬೇಕಾದದ್ದು ರಾಜ್ಯದ ಕಾರ್ಮಿಕ ಇಲಾಖೆಗೆ, ಅದರ ಕಾರ್ಮಿಕ ಭವನ ಇರುವುದು ಬನ್ನೇರುಘಟ್ಟ ರಸ್ತೆಯಲ್ಲಿ. ರೈಲ್ವೆ ಕೆಲಸವಾದರೆ ಕೂಲಿಯ ದರವೂ ಕೇಂದ್ರದ್ದು, ದೂರು ಕೊಡುವ ಕಚೇರಿಯೂ ಕೇಂದ್ರದ ಕಾರ್ಮಿಕ ಆಯುಕ್ತರದು. ವಕೀಲರ ಫೀಸಿಗೆ ಹೆದರಬೇಡಿ, ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿದರೆ ಉಚಿತ ನೆರವಿನ ದಾರಿ ಹೇಳುತ್ತಾರೆ. ಹೋಗುವಾಗ ನೋಟ್‌ಬುಕ್, ಪಾಸ್‌ಬುಕ್, ಚೀಟಿಗಳ ಜೆರಾಕ್ಸ್ ಒಯ್ಯಿರಿ, ಅಸಲು ಮನೆಯಲ್ಲಿರಲಿ. ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ತಾರೀಕಿನ ಸಮೇತ ಸೀಲು ಹಾಕಿಸಿಕೊಳ್ಳದೆ ಆ ಕೌಂಟರ್ ಬಿಟ್ಟು ಕದಲಬೇಡಿ.